ಹಳೆಯ ಲಾರಿ, ಹೊಸ ಅಶ್ವಶಕ್ತಿ: ಒಂದು ವಿಮರ್ಶೆ

ಕಬ್ಬು ನುರಿಸುವ ಹಂಗಾಮು ಹತ್ತಿರ ಬಂದಂತೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಗ್ಯಾರೇಜುಗಳಿಗೆ ಬಿಡುವಿರುವುದಿಲ್ಲ. ಮಳೆಗಾಲದಲ್ಲಿ ನಿಂತಿದ್ದ ಹಳೆಯ ಲಾರಿಗಳು ಒಂದೊಂದಾಗಿ ಬಂದು ಸಾಲು ಹಿಡಿಯುತ್ತವೆ. ಕ್ಲಚ್ ಪ್ಲೇಟು, ಕಮಾನು ಪಟ್ಟಿ, ಬ್ರೇಕ್ ಲೈನರು ಇವುಗಳ ಜೊತೆಗೆ ಮಾಲೀಕರು ಕೇಳುವ ಇನ್ನೊಂದು ಕೆಲಸವಿದೆ. "ಪಂಪ್ ಒಂದೀಟು ಏರಿಸ್ರಿ, ಏರಿನ್ಯಾಗ ಗಾಡಿ ಜಗ್ಗವಲ್ದು" ಎಂಬುದು ಆ ಬೇಡಿಕೆ. ಮಿಸ್ತ್ರಿ ಇಂಧನ ಪಂಪಿನ ಸೀಸದ ಮುದ್ರೆ ಬಿಡಿಸಿ, ಒಳಗಿನ ತಿರುಪನ್ನು ಅರ್ಧ ಸುತ್ತೋ ಮುಕ್ಕಾಲು ಸುತ್ತೋ ತಿರುವುತ್ತಾನೆ. ಲಾರಿ ಹೊರಟಾಗ ಹಿಂದೆ ಕಪ್ಪು ಹೊಗೆ, ಮುಂದೆ ಚಾಲಕನ ಮುಖದಲ್ಲಿ ಸಮಾಧಾನ.

ಈ ಕೆಲಸವನ್ನು 'ಪವರ್ ಹೆಚ್ಚಿಸುವುದು' ಎಂದು ಕರೆಯುವುದು ವಾಡಿಕೆ. ಹಾಗೆ ಕರೆಯುವುದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಮಿಸ್ತ್ರಿಯ ಕೈಚಳಕದ ಬಗೆಗೆ ತಕರಾರಿಲ್ಲ. ಕಿವಿಗೆ ಸ್ಕ್ರೂಡ್ರೈವರ್ ಹಿಡಿದು ಆರು ಸಿಲಿಂಡರುಗಳಲ್ಲಿ ಯಾವುದು ಸೋಮಾರಿ ಎಂದು ಹೇಳಬಲ್ಲವರು ನಮ್ಮ ಊರುಗಳಲ್ಲಿದ್ದಾರೆ. ತಕರಾರಿರುವುದು ಆ ತಿರುಪಿನ ಹಿಂದಿರುವ ತಿಳಿವಳಿಕೆಯ ಬಗೆಗೆ. ಅದರಲ್ಲಿ ವಿಜ್ಞಾನ ಬೋಧಿಸುವ ನಮ್ಮ ಪಾಲೂ ಇದೆ ಎಂದು ಮುಂದೆ ತಿಳಿಯುತ್ತದೆ.

ಮೊದಲು ಲಾರಿಯ ಹೆಸರನ್ನೇ ನೋಡೋಣ. ಟಾಟಾ ಲಾರಿಗಳ ಮೇಲೆ 1210, 1612, 1613, 2518 ಎಂಬ ನಾಲ್ಕಂಕಿಯ ಸಂಖ್ಯೆಗಳಿರುವುದನ್ನು ವಿದ್ಯಾರ್ಥಿಗಳು ಗಮನಿಸಿರಬಹುದು. ಮೊದಲ ಎರಡು ಅಂಕಿಗಳು ಹೇರು ಸಹಿತ ಲಾರಿಯ ಒಟ್ಟು ತೂಕವನ್ನು ಸುಮಾರಾಗಿ ಟನ್‌ಗಳಲ್ಲಿ ಹೇಳುತ್ತವೆ. ಕೊನೆಯ ಎರಡು ಅಂಕಿಗಳನ್ನು ಹತ್ತರಿಂದ ಗುಣಿಸಿದರೆ ಎಂಜಿನ್ನಿನ ಅಶ್ವಶಕ್ತಿ ಸ್ಥೂಲವಾಗಿ ಸಿಗುತ್ತದೆ. 1613 ಎಂದರೆ 16 ಟನ್, 130 ಅಶ್ವಶಕ್ತಿ. 2518 ಎಂದರೆ 25 ಟನ್, 180 ಅಶ್ವಶಕ್ತಿ. ಭಾಗಿಸಿ ನೋಡಿ: ಟನ್ನಿಗೆ ಕ್ರಮವಾಗಿ 8.1 ಮತ್ತು 7.2 ಅಶ್ವಶಕ್ತಿ. ಹಳೆಯ 1210ಕ್ಕೆ ಇದು 8.3. ತಯಾರಕರು ಈ ಅನುಪಾತವನ್ನು ಏಳೆಂಟರ ಆಸುಪಾಸಿನಲ್ಲಿಯೇ ಇರಿಸಿಕೊಂಡು ಬಂದಿರುವುದು ಕಾಣುತ್ತದೆ.

ಈಗ 1613 ಲಾರಿಗೆ ಒಟ್ಟು 25 ಟನ್ ಆಗುವಷ್ಟು ಕಬ್ಬು ಹೇರಿದರೆಂದು ಇಟ್ಟುಕೊಳ್ಳಿ. ಟನ್ನಿಗೆ ಸಿಗುವುದು 5.2 ಅಶ್ವಶಕ್ತಿ. ಏರಿನಲ್ಲಿ ಗಾಡಿ ಜಗ್ಗದಿದ್ದರೆ ಅದರಲ್ಲಿ ಆಶ್ಚರ್ಯವೇನು? ಎಂಜಿನ್ನಿಗೆ ವಯಸ್ಸಾಯಿತು, ಪವರ್ ಕುಗ್ಗಿತು ಎಂದು ಮಾಲೀಕ ಹೇಳುವಾಗ ಅರ್ಧ ಭಾಗ ನಿಜವಿರಬಹುದು. ಇನ್ನರ್ಧ ಭಾಗ ಹಿಂದಿನ ಟ್ರಾಲಿಯಲ್ಲಿ ಕಟ್ಟಿಟ್ಟಿರುತ್ತದೆ. ಹೆಸರಿನ ಮೊದಲ ಎರಡು ಅಂಕಿಗಳನ್ನು ಬದಲಾಯಿಸಿದವನು ಮಾಲೀಕ. ಕೊನೆಯ ಎರಡನ್ನು ಬದಲಾಯಿಸಿಕೊಡು ಎಂದು ಅವನು ಕೇಳುತ್ತಿರುವುದು ಮಿಸ್ತ್ರಿಯನ್ನು.

ಎಷ್ಟು ಬದಲಾಯಿಸಬೇಕು ಎಂಬುದು ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಲ್ಲ ಲೆಕ್ಕ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯನ್ನು ತೆಗೆದುಕೊಳ್ಳಿ. 16.2 ಟನ್ ತೂಕದ ಲಾರಿಯನ್ನು ಗುರುತ್ವ ಹಿಂದಕ್ಕೆ ಎಳೆಯುವ ಬಲ ಸುಮಾರು 9,500 ನ್ಯೂಟನ್. ಟೈರುಗಳ ಉರುಳು ಘರ್ಷಣೆ ತೂಕದ ನೂರನೇ ಒಂದು ಭಾಗವೆಂದು ಹಿಡಿದರೆ ಇನ್ನು 1,600 ನ್ಯೂಟನ್. ಒಟ್ಟು 11,100. 130 ಅಶ್ವಶಕ್ತಿಯೆಂದರೆ ಸುಮಾರು 96 ಕಿಲೋವಾಟ್. ಗೇರು, ಡಿಫರೆನ್ಷಿಯಲ್‌ಗಳಲ್ಲಿ ಶೇ. 15 ಕಳೆದರೆ ಚಕ್ರಕ್ಕೆ ತಲಪುವುದು 81 ಕಿಲೋವಾಟ್. ಸಾಮರ್ಥ್ಯವನ್ನು ಬಲದಿಂದ ಭಾಗಿಸಿದರೆ ವೇಗ: ಸೆಕೆಂಡಿಗೆ 7.3 ಮೀಟರ್, ಅಂದರೆ ಗಂಟೆಗೆ ಸುಮಾರು 26 ಕಿ.ಮೀ. ಅದೇ ಲಾರಿಯ ತೂಕ 25 ಟನ್ ಆದಾಗ ಎದುರು ಬಲ 17,150 ನ್ಯೂಟನ್, ವೇಗ ಗಂಟೆಗೆ 17 ಕಿ.ಮೀ. ಹಿಂದಿನ 26 ಕಿ.ಮೀ. ವೇಗವೇ ಬೇಕೆಂದರೆ 200 ಅಶ್ವಶಕ್ತಿ ಬೇಕು. ಪಂಪಿನ ತಿರುಪು ಇಷ್ಟನ್ನು ಕೊಡಬಲ್ಲದೆ?

ಇದಕ್ಕೆ ಉತ್ತರ ಹೇಳಲು ಎಂಜಿನ್ನಿನೊಳಗೆ ಹೋಗಬೇಕು. ಈ ಭಾಗದಲ್ಲಿ ಇಂದಿಗೂ ದುಡಿಯುವ ಹಳೆಯ ಟರ್ಬೊ ಲಾರಿಗಳಲ್ಲಿ ಎರಡು ಎಂಜಿನ್ ವಂಶಗಳು ಮುಖ್ಯ. ಒಂದು ಟಾಟಾದವರ 697. ಆರು ಸಿಲಿಂಡರು, 97 ಮಿ.ಮೀ. ವ್ಯಾಸ ಎಂಬುದನ್ನು ಅದರ ಹೆಸರೇ ಹೇಳುತ್ತದೆ. ಡೈಮ್ಲರ್-ಬೆಂಜ್ ಸಹಯೋಗದಲ್ಲಿ 1954ರಲ್ಲಿ ಆರಂಭವಾದ ಲಾರಿ ತಯಾರಿಕೆಯ ಪರಂಪರೆಯಿಂದ ಬಂದ, 5,675 ಘನ ಸೆಂ.ಮೀ. ಗಾತ್ರದ ಎಂಜಿನ್ ಇದು. ಇನ್ನೊಂದು, 1993ರಲ್ಲಿ ಸ್ಥಾಪನೆಯಾದ ಟಾಟಾ ಕಮಿನ್ಸ್ ಸಂಸ್ಥೆ ಜಮ್‌ಶೆಡ್‌ಪುರದಲ್ಲಿ ತಯಾರಿಸಿದ 6ಬಿಟಿ. ಆರು ಸಿಲಿಂಡರು, 'ಬಿ' ಸರಣಿ, ಟರ್ಬೊ ಸಹಿತ, ಗಾತ್ರ 5.9 ಲೀಟರ್. ಇವುಗಳಿಗೆ ಇಂಧನ ಊಡಿಸುವ ಸಾಲು ಪಂಪಿಗೆ 'ಮೈಕೋ ಪಂಪು' ಎಂಬ ಹೆಸರು ಇನ್ನೂ ಬಾಯಲ್ಲಿದೆ. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜಿನಲ್ಲಿ ಅದು ಮೈಕೋ ಆಗಿಯೇ ಉಳಿದಿದೆ.

ಡೀಸೆಲ್ ಎಂಜಿನ್ನಿನಲ್ಲಿ ಶಕ್ತಿ ಹುಟ್ಟುವುದು ಡೀಸೆಲ್ ಉರಿದಾಗ. ಉರಿಯಲು ಆಮ್ಲಜನಕ ಬೇಕು. ಒಂದು ಕಿ.ಗ್ರಾಂ ಡೀಸೆಲ್ ಪೂರ್ತಿಯಾಗಿ ಉರಿಯಲು ಸಿದ್ಧಾಂತದ ಪ್ರಕಾರ ಸುಮಾರು 14.5 ಕಿ.ಗ್ರಾಂ ಗಾಳಿ ಸಾಕು. ಆದರೆ ಹನಿಗಳು ಗಾಳಿಯೊಡನೆ ಬೆರೆಯಲು ಸಿಗುವ ಅವಧಿ ಒಂದು ಸೆಕೆಂಡಿನ ಸಾವಿರದ ಕೆಲವು ಭಾಗಗಳಷ್ಟೆ. ಹೀಗಾಗಿ ಹೊಗೆಯಿಲ್ಲದೆ ಉರಿಸಲು 18ರಿಂದ 20 ಕಿ.ಗ್ರಾಂ, ಕೆಲವೊಮ್ಮೆ ಇನ್ನೂ ಹೆಚ್ಚು ಗಾಳಿ ಒದಗಿಸಬೇಕಾಗುತ್ತದೆ. ಗಾಳಿ ಅಷ್ಟೇ ಇದ್ದು ಡೀಸೆಲ್ ಮಾತ್ರ ಹೆಚ್ಚಿದರೆ ಇಂಗಾಲ ಉರಿಯದೆ ಮಸಿಯಾಗುತ್ತದೆ. ಆ ಕಪ್ಪು ಹೊಗೆ ಶಕ್ತಿಯ ಗುರುತಲ್ಲ. ದುಡ್ಡು ಕೊಟ್ಟು ಕೊಂಡ ಡೀಸೆಲ್ ಅರೆಬೆಂದು ಹೊರಬೀಳುತ್ತಿರುವುದರ ಗುರುತು.

ಪಂಪು ಏರಿಸಿದಾಗ ಗಾಡಿ ಚುರುಕಾದದ್ದು ಅನುಭವಕ್ಕೆ ಬರುತ್ತದಲ್ಲ ಎಂದು ಕೇಳಬಹುದು. ಬರುತ್ತದೆ, ಸುಳ್ಳಲ್ಲ. ಆದರೆ ಅದರ ಬೆಲೆಯನ್ನು ಲೆಕ್ಕ ಹಾಕಿದವರು ಕಡಿಮೆ. ಸುಸ್ಥಿತಿಯ ಎಂಜಿನ್ ಪೂರ್ಣ ಹೊರೆಯಲ್ಲಿ ಒಂದು ಕಿಲೋವಾಟ್-ಗಂಟೆಗೆ 225 ಗ್ರಾಂ ಡೀಸೆಲ್ ಬಳಸುತ್ತದೆಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. 96 ಕಿಲೋವಾಟ್‌ಗೆ ಗಂಟೆಗೆ 21.6 ಕಿ.ಗ್ರಾಂ. ಪಂಪಿನಲ್ಲಿ ಶೇ. 25 ಏರಿಸಿದರೆ 27 ಕಿ.ಗ್ರಾಂ. ಮಸಿ ಹೆಚ್ಚಿ, ದಹನ ತಡವಾಗಿ, ಬಳಕೆ 250 ಗ್ರಾಂಗೆ ಜಾರಿತೆಂದರೆ ಸಿಗುವುದು 108 ಕಿಲೋವಾಟ್. ಇಂಧನ ಹೆಚ್ಚಿದ್ದು ಕಾಲು ಭಾಗ, ಸಾಮರ್ಥ್ಯ ಹೆಚ್ಚಿದ್ದು ಎಂಟನೇ ಒಂದು ಭಾಗ. ಹೊಸದಾಗಿ ಬಂದ 12 ಕಿಲೋವಾಟ್‌ಗಳಿಗೆ ಮಾತ್ರ ಲೆಕ್ಕ ಕಟ್ಟಿದರೆ ಪ್ರತಿ ಕಿಲೋವಾಟ್-ಗಂಟೆಗೆ 450 ಗ್ರಾಂ ಖರ್ಚಾಗಿದೆ, ಅಂದರೆ ಮೊದಲಿನದರ ಎರಡು ಪಟ್ಟು. 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಪರೀಕ್ಷೆಗೊಳಗಾದ ರುಡಾಲ್ಫ್ ಡೀಸೆಲ್‌ನ ಎಂಜಿನ್ನೇ ಶೇ. 26ರಷ್ಟು ದಕ್ಷತೆ ತೋರಿತ್ತು. ನಮ್ಮ ಈ ಹೆಚ್ಚುವರಿ 12 ಕಿಲೋವಾಟ್‌ಗಳು ಶೇ. 19ಕ್ಕೂ ತಲಪುವುದಿಲ್ಲ!

ತಡವಾದ ದಹನ ಎಂದೆನಲ್ಲ, ಅದು ಇನ್ನಷ್ಟು ವಿವರಣೆ ಬೇಡುತ್ತದೆ. ಪಂಪಿನ ಪ್ಲಂಜರು ಹೆಚ್ಚು ಡೀಸೆಲ್ ತಳ್ಳಬೇಕಾದರೆ ಹೆಚ್ಚು ಹೊತ್ತು ತಳ್ಳಬೇಕು. ಕೊನೆಯ ಹನಿಗಳು ಸಿಲಿಂಡರು ಸೇರುವ ಹೊತ್ತಿಗೆ ಪಿಸ್ಟನ್ ಕೆಳಗಿಳಿಯತೊಡಗಿರುತ್ತದೆ. ಆಗ ಹುಟ್ಟಿದ ಶಾಖ ಪಿಸ್ಟನ್ನನ್ನು ತಳ್ಳುವುದು ಕಡಿಮೆ, ನಿಷ್ಕಾಸ ಕವಾಟದ ಮೂಲಕ ಟರ್ಬೊದ ಕಡೆಗೆ ಓಡುವುದೇ ಹೆಚ್ಚು. ಪಿಸ್ಟನ್ ಅಲ್ಯುಮಿನಿಯಮ್-ಸಿಲಿಕಾನ್ ಮಿಶ್ರಲೋಹದ್ದು. ಅದು ಕರಗತೊಡಗುವುದು 570 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಾದರೂ 300 ಡಿಗ್ರಿ ದಾಟಿದೊಡನೆಯೇ ಬಲ ಕುಂದತೊಡಗುತ್ತದೆ. ಕೆಳಗಿನಿಂದ ಚಿಮ್ಮುವ ಎಣ್ಣೆ ಮತ್ತು ಸುತ್ತಲಿನ ನೀರು ಅದನ್ನು ಕಾಯುತ್ತವೆ. ಹತ್ತು ಸೆಕೆಂಡು ಓವರ್‌ಟೇಕ್ ಮಾಡುವಾಗ ಈ ಕಾವಲು ಸಾಕಾಗಬಹುದು. ನಿಪ್ಪಾಣಿ ಬಳಿಯ ತವಂದಿ ಘಾಟಿನಲ್ಲಿ ಕೆಳ ಗೇರಿನಲ್ಲಿ ನಿಮಿಷಗಟ್ಟಲೆ ಏರುವ ಲಾರಿಗೆ ಸಾಕಾಗುವುದಿಲ್ಲ. ಪಿಸ್ಟನ್ ತಲೆ ಬಿರಿದದ್ದನ್ನು, ಹೆಡ್ ಗ್ಯಾಸ್ಕೆಟ್ ಸುಟ್ಟದ್ದನ್ನು ಕಂಡು 'ಕಂಪನಿ ಮಾಲು ಮೊದಲಿನಂಗಿಲ್ಲ' ಎನ್ನುವವರು ಆ ಮುಕ್ಕಾಲು ಸುತ್ತನ್ನು ಮರೆತಿರುತ್ತಾರೆ.

ಹಾಗಾದರೆ ಗಾಳಿಯನ್ನೂ ಹೆಚ್ಚಿಸಿದರಾಯಿತಲ್ಲ? ಟರ್ಬೊಚಾರ್ಜರ್ ಹುಟ್ಟಿದ್ದೇ ಅದಕ್ಕಾಗಿ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಕಲ್ಪನೆ ಸರಳ. ಡೀಸೆಲ್ಲಿನ ಶಾಖದ ಸುಮಾರು ಮೂರನೇ ಒಂದು ಭಾಗ ಹೊಗೆಕೊಳವೆಯಲ್ಲಿ ವ್ಯರ್ಥವಾಗುತ್ತದೆ. ಆ ಬಿಸಿ ಅನಿಲದಿಂದ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವುದು. 1938ರಲ್ಲಿ ಸ್ವಿಸ್ ಕಂಪನಿ ಸಾವ್ರೆರ್ ಇದನ್ನು ಲಾರಿಗೆ ಅಳವಡಿಸಿತು. ಸಣ್ಣ ಟರ್ಬೊದ ದಂಡ ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ನಮ್ಮ ನಾಲ್ಕು ತಾಲ್ಲೂಕುಗಳು ಸಮುದ್ರಮಟ್ಟದಿಂದ ಸುಮಾರು 550ರಿಂದ 750 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡ ಶೇ. 7-8ರಷ್ಟು ಕಡಿಮೆ. ಈ ಕೊರತೆಯನ್ನು ತುಂಬಿಕೊಡುವುದೂ ಟರ್ಬೊದ ಉಪಕಾರವೇ.

ಇಲ್ಲಿಯೇ ಎರಡನೆಯ ತಪ್ಪು ತಿಳಿವಳಿಕೆ ನುಸುಳುತ್ತದೆ. ಒತ್ತಡ ಹೆಚ್ಚಿದಷ್ಟೇ ಗಾಳಿಯೂ ಹೆಚ್ಚಿತೆಂಬ ಎಣಿಕೆ ಸರಿಯಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಮುಟ್ಟಿ ನೋಡಿದ ಮಕ್ಕಳಿಗೆ ಗೊತ್ತು, ಒತ್ತಿದ ಗಾಳಿ ಬಿಸಿಯಾಗುತ್ತದೆ. 30 ಡಿಗ್ರಿಯ ಗಾಳಿಯನ್ನು ಶೇ. 70 ದಕ್ಷತೆಯ ಸಂಪೀಡಕ 1.8 ಪಟ್ಟು ಒತ್ತಡಕ್ಕೆ ಏರಿಸಿದರೆ ಅದರ ಉಷ್ಣತೆ ಸುಮಾರು 109 ಡಿಗ್ರಿಗೆ ಹೋಗುತ್ತದೆ. ಬಿಸಿ ಗಾಳಿ ಹಿಗ್ಗುವುದರಿಂದ ಸಾಂದ್ರತೆ ಹೆಚ್ಚುವುದು 1.8 ಪಟ್ಟಲ್ಲ, 1.43 ಪಟ್ಟು ಮಾತ್ರ. ಅದೇ ಗಾಳಿಯನ್ನು ಇಂಟರ್‌ಕೂಲರಿನಲ್ಲಿ ಹಾಯಿಸಿ 55 ಡಿಗ್ರಿಗೆ ಇಳಿಸಿದರೆ 1.66 ಪಟ್ಟು ಸಿಗುತ್ತದೆ. ಸಿಲಿಂಡರಿಗೆ ಶೇ. 16 ಹೆಚ್ಚು ಆಮ್ಲಜನಕ, ಜೊತೆಗೆ ತಂಪಾದ ಆರಂಭ. ಇಂಟರ್‌ಕೂಲರ್ ಸೇರಿದ 6ಬಿಟಿಎಎ ಎಂಜಿನ್ 2518 ಲಾರಿಯಲ್ಲಿ 180 ಅಶ್ವಶಕ್ತಿ ಕೊಟ್ಟದ್ದರ ಹಿಂದಿನ ಮುಖ್ಯ ಗುಟ್ಟು ಈ ತಂಪು ಗಾಳಿ. ಜೊತೆಗೆ ಪಂಪು, ಟರ್ಬೊಗಳನ್ನೂ ಆ ಗಾಳಿಗೆ ಹೊಂದಿಸಿರುತ್ತಾರೆ. ಕೇವಲ ಟರ್ಬೊದ ಒತ್ತಡ ಬಿಗಿ ಮಾಡಿದರೆ ಸಂಪೀಡಕ ತನ್ನ ದಕ್ಷತೆಯ ವಲಯದಿಂದ ಆಚೆ ಬಿದ್ದು ಗಾಳಿಗಿಂತ ಶಾಖವನ್ನೇ ಹೆಚ್ಚು ಕೊಡತೊಡಗುತ್ತದೆ.

ಈಚೆಗೆ ಗ್ಯಾರೇಜಿನ ಹುಡುಗರು ಮೊಬೈಲಿನಲ್ಲಿ ಅಮೆರಿಕದ ಪಿಕಪ್ ಗಾಡಿಗಳ ಚಿತ್ರ ತೋರಿಸಿ "ಇದೂ 5.9 ಕಮಿನ್ಸ್ ಐತಿ, ಮುನ್ನೂರರ ಮ್ಯಾಲ ಅಶ್ವಶಕ್ತಿ ಐತಿ" ಎನ್ನುವುದುಂಟು. ಮಾತು ನಿಜ. ಡಾಡ್ಜ್ ಪಿಕಪ್ಪಿನಲ್ಲಿ 1989ರಲ್ಲಿ 160 ಅಶ್ವಶಕ್ತಿಯೊಂದಿಗೆ ಬಂದ ಅದೇ ಗಾತ್ರದ ಎಂಜಿನ್ 2004ರ ಹೊತ್ತಿಗೆ 325 ಮುಟ್ಟಿತು. ಆದರೆ ಆ ಹದಿನೈದು ವರ್ಷಗಳಲ್ಲಿ ಏನೇನು ಬದಲಾಯಿತೆಂಬುದನ್ನು ಚಿತ್ರ ಹೇಳುವುದಿಲ್ಲ. 1991ರಲ್ಲಿ ಇಂಟರ್‌ಕೂಲರ್ ಬಂತು. 1994ರಲ್ಲಿ ಹೆಚ್ಚು ಒತ್ತಡದ ಸಾಲು ಪಂಪು, 1998ರಲ್ಲಿ ಸಿಲಿಂಡರಿಗೆ ನಾಲ್ಕು ಕವಾಟ ಮತ್ತು ವಿದ್ಯುನ್ಮಾನ ನಿಯಂತ್ರಣ, 2003ರಲ್ಲಿ 1,600 ಬಾರ್ ಒತ್ತಡದ ಕಾಮನ್ ರೈಲ್. ಪ್ರತಿ ಹಂತದಲ್ಲಿಯೂ ಗಾಳಿ, ಇಂಧನ, ಶಾಖ ಮೂರನ್ನೂ ಒಟ್ಟಿಗೆ ತಿದ್ದಿದ್ದಾರೆ. ಇನ್ನೊಂದು ಸಂಗತಿಯೂ ಇದೆ. ಮೂರು ಟನ್ನಿನ ಪಿಕಪ್ ಪೂರ್ಣ ಶಕ್ತಿಯನ್ನು ಬಳಸುವುದು ಕೆಲವೇ ಸೆಕೆಂಡು. ಅಷ್ಟರೊಳಗೆ ಅದು ಕಾನೂನಿನ ವೇಗಮಿತಿ ದಾಟಿರುತ್ತದೆ. ಹೇರಿದ ಲಾರಿ ಏರಿನಲ್ಲಿ ಪೂರ್ಣ ಶಕ್ತಿಯಲ್ಲಿಯೇ ಬದುಕುತ್ತದೆ. ಒಂದರ ಅಂಕಿಯನ್ನು ಇನ್ನೊಂದಕ್ಕೆ ಅಂಟಿಸುವುದು ನೂರು ಮೀಟರ್ ಓಟಗಾರನ ವೇಗದಲ್ಲಿ ಎಲ್ಲಮ್ಮನ ಗುಡ್ಡ ಹತ್ತು ಎಂದಂತೆ.

ಇಷ್ಟೆಲ್ಲ ಆಗಿಯೂ ಜಾಣ ಮಿಸ್ತ್ರಿಯೊಬ್ಬ ಇಂಟರ್‌ಕೂಲರ್ ಕೂಡಿಸಿ, ತಕ್ಕ ಪಂಪು ಹಾಕಿ, 1613 ಲಾರಿಯಿಂದ 180 ಅಶ್ವಶಕ್ತಿ ಹೊರಡಿಸಿದನೆನ್ನೋಣ. ಎಂಜಿನ್ನಿನ ಮಟ್ಟಿಗೆ ಅದು ಒಳ್ಳೆಯ ಕೆಲಸವೇ. ನನ್ನ ದೊಡ್ಡ ಆಕ್ಷೇಪ ಇರುವುದು ಅದರ ಮುಂದಿನ ಹೆಜ್ಜೆಗೆ. ಏರಿದ ಲಾರಿ ಇಳಿಯಬೇಕು. ಇಳಿಜಾರಿನಲ್ಲಿ ಅಶ್ವಶಕ್ತಿ ನೆರವಿಗೆ ಬರುವುದಿಲ್ಲ. 16.2 ಟನ್ ಲಾರಿ ನೂರು ಮೀಟರ್ ಎತ್ತರದಿಂದ ಇಳಿದರೆ 15.9 ಮೆಗಾಜೌಲ್ ಶಕ್ತಿಯನ್ನು ಎಲ್ಲಾದರೂ ಕಳೆಯಬೇಕು. ಇದರಲ್ಲಿ 8 ಮೆಗಾಜೌಲನ್ನು ಕೆಳ ಗೇರಿನಲ್ಲಿ ಎಂಜಿನ್ ತಡೆ ಮತ್ತು ಇತರ ಘರ್ಷಣೆಗಳು ನುಂಗಿದವೆನ್ನೋಣ, ಉಳಿದ 7.9 ಮೆಗಾಜೌಲ್ ಬ್ರೇಕ್ ಡ್ರಮ್ಮಿಗೆ. 25 ಟನ್ನಿಗೆ ಕಳೆಯಬೇಕಾದದ್ದು 24.5 ಮೆಗಾಜೌಲ್. ಅದೇ ಗೇರು, ಅದೇ ವೇಗವಿದ್ದರೆ ಎಂಜಿನ್ ನುಂಗುವುದು ಮೊದಲಿನಷ್ಟೇ. ಡ್ರಮ್ಮಿನ ಪಾಲಿಗೆ 16.5 ಮೆಗಾಜೌಲ್ ಬೀಳುತ್ತದೆ. ತೂಕ ಹೆಚ್ಚಿದ್ದು ಒಂದೂವರೆ ಪಟ್ಟು, ಬ್ರೇಕಿನ ಶಾಖ ಎರಡು ಪಟ್ಟಿಗೂ ಹೆಚ್ಚು! ಲೈನರು ಕಾದಂತೆ ಅದರ ಘರ್ಷಣೆ ಕುಗ್ಗುತ್ತದೆ, ಡ್ರಮ್ಮು ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಶಕ್ತಿ ಸಾಲದ ಲಾರಿ ಏರಿನಲ್ಲಿ ತೆವಳುತ್ತ 'ನನ್ನ ಮೇಲೆ ಹೇರು ಹೆಚ್ಚಾಗಿದೆ' ಎಂದು ಹೇಳುತ್ತಿತ್ತು. ಪಂಪು ಏರಿಸಿದ ಮೇಲೆ ಆ ಎಚ್ಚರಿಕೆಯೂ ನಿಂತುಹೋಯಿತು.

ಕಬ್ಬಿನ ಹಂಗಾಮು ಬಿರುಸಾಗಿರುವಾಗಲೇ ಬನದ ಹುಣ್ಣಿಮೆ, ಭರತ ಹುಣ್ಣಿಮೆ ಬರುತ್ತವೆ. ಸವದತ್ತಿ ಎಲ್ಲಮ್ಮನ ಗುಡ್ಡದ ರಸ್ತೆಗಳಲ್ಲಿ ಚಕ್ಕಡಿ, ಟ್ರ್ಯಾಕ್ಟರು, ಕಾಲ್ನಡಿಗೆಯ ಜನ ತುಂಬಿರುತ್ತಾರೆ. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯ ಕಡೆಗೋ ಮುನವಳ್ಳಿಯ ಕಡೆಗೋ ಹೊರಟ ಹೇರಿನ ಗಾಡಿಗಳೂ ಇದೇ ತಾಲ್ಲೂಕುಗಳ ರಸ್ತೆಗಳಲ್ಲಿ ಓಡಾಡುತ್ತವೆ. ಇದನ್ನು ಬಲ್ಲವರಿಗೆ ಮೇಲಿನ ಮೆಗಾಜೌಲ್‌ಗಳ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನೋಂದಣಿ ಪತ್ರದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿ ಮಿತಿಮೀರಿದ ಹೇರಿಗೆ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್ನೊಂದಕ್ಕೆ 2,000 ರೂಪಾಯಿ ದಂಡ ವಿಧಿಸಿತು. 2018ರ ಜುಲೈಯಲ್ಲಿ ಎರಡು ಅಚ್ಚಿನ ಲಾರಿಯ ಒಟ್ಟು ತೂಕದ ಮಿತಿ 16.2 ಟನ್ನಿನಿಂದ 18.5ಕ್ಕೆ ಏರಿತ್ತು. ಮಿತಿ ಏರಿದ ಮಾತ್ರಕ್ಕೆ ಇಪ್ಪತ್ತು ವರ್ಷ ಹಳೆಯ ಲಾರಿಯ ಡ್ರಮ್ಮು ದೊಡ್ಡದಾಗಲಿಲ್ಲ. ಹೊಗೆ ತಪಾಸಣೆಯ ಕಥೆಯೂ ಅಷ್ಟಕ್ಕಷ್ಟೆ. ನಿಂತ ಗಾಡಿಯ ಎಂಜಿನ್ನನ್ನು ಹೊರೆಯಿಲ್ಲದೆ ಕೆಲವು ಸಲ ರೇಸ್ ಮಾಡಿ ಹೊಗೆ ಅಳೆಯುವ ಪದ್ಧತಿ ಅದು. ಹಳೆಯ ಡೀಸೆಲ್ ಗಾಡಿಗಳಿಗೆ 65 ಹಾರ್ಟ್ರಿಜ್ ಮಾನದ ಮಿತಿಯಿದೆ. ಏರಿನಲ್ಲಿ, ಪೂರ್ಣ ಹೊರೆಯಲ್ಲಿ ಅದೇ ಎಂಜಿನ್ ಏನು ಉಗುಳುತ್ತದೆಂಬುದು ಆ ಪರೀಕ್ಷೆಗೆ ಕಾಣುವುದೇ ಇಲ್ಲ.

ಮಾಲೀಕನನ್ನು ಮಾತ್ರ ದೂರುವುದು ನ್ಯಾಯವಲ್ಲ. ಅವನಿಗೆ ಬಾಡಿಗೆ ಸಿಗುವುದು ಟನ್ ಲೆಕ್ಕದಲ್ಲಿ. ಕಡಿದ ಕಬ್ಬು ಒಣಗಿದಷ್ಟೂ ತೂಕ ಕಳೆದುಕೊಳ್ಳುವುದರಿಂದ ರೈತನಿಗೂ ಅವಸರ. ಬಾಡಿಗೆಯ ಲೆಕ್ಕ ಹೀಗಿರುವಾಗ ಹೇರು ಇಳಿಸು ಎಂದು ಉಪದೇಶ ಮಾಡುವುದು ಸುಲಭ.

ಹಳೆಯ ಎಂಜಿನ್ನಿನಿಂದ ಒಂದಿಷ್ಟೂ ಹೆಚ್ಚು ಪಡೆಯುವಂತಿಲ್ಲವೆ? ಪಡೆಯಬಹುದು, ಆದರೆ ಅದು ಕಳೆದುಹೋದದ್ದರ ವಸೂಲಿ. ಎರೆಮಣ್ಣಿನ ಧೂಳಿನಲ್ಲಿ ಓಡಾಡಿದ ಲಾರಿಯ ಗಾಳಿ ಶೋಧಕ ಕಟ್ಟಿಕೊಂಡಿರುತ್ತದೆ. ಟರ್ಬೊದಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರು ಹೋಸಿನಲ್ಲಿ ಬಿರುಕಿರುತ್ತದೆ. ಟರ್ಬೊ ಒತ್ತಡಕ್ಕೆ ತಕ್ಕಂತೆ ಡೀಸೆಲ್ ಹೆಚ್ಚಿಸುವ ಪೊರೆಯೊಂದು ಕೆಲವು ಪಂಪುಗಳ ಮೇಲಿರುತ್ತದೆ. ಅದಕ್ಕೆ ಬರುವ ಸಣ್ಣ ನಳಿಕೆ ಸೀಳಿದ್ದರೆ ಪಂಪು ಪೂರ್ತಿ ಡೀಸೆಲ್ ಕೊಡುವುದೇ ಇಲ್ಲ. ನಾಜಲ್ಲಿನ ಒತ್ತಡ ಇಳಿದಿರುತ್ತದೆ, ಕವಾಟದ ಸಂದು ತಪ್ಪಿರುತ್ತದೆ. ಇಷ್ಟನ್ನು ಸರಿಪಡಿಸದೆ ತಿರುಪು ಮುಟ್ಟುವುದು ಮೂಗು ಕಟ್ಟಿದವನಿಗೆ ಎರಡು ರೊಟ್ಟಿ ಹೆಚ್ಚು ಬಡಿಸಿ ಓಡು ಎಂದಂತೆ.

ಶಿಕ್ಷಕರ ಪಾಲಿನ ಮಾತು ಉಳಿದಿದೆ. ಡೀಸೆಲ್ ಎಂಜಿನ್ನಿನ ನಾಲ್ಕು ಹೊಡೆತಗಳ ಚಿತ್ರ ಬರೆಸಿ, ಭಾಗಗಳನ್ನು ಗುರುತಿಸಿ ಎಂದು ಅಂಕ ಕೊಡುತ್ತೇವೆ. ಆ ಸಿಲಿಂಡರಿನೊಳಗೆ ಎಷ್ಟು ಗಾಳಿ ಹೋಯಿತು ಎಂಬ ಪ್ರಶ್ನೆ ಕೇಳುವುದಿಲ್ಲ. ಡೀಸೆಲ್ ಹೆಚ್ಚಾದರೆ ಶಕ್ತಿ ಹೆಚ್ಚು ಎಂಬ ನಂಬಿಕೆ ಗ್ಯಾರೇಜಿನಲ್ಲಿ ಹುಟ್ಟಿದ್ದೆಂದು ನನಗನ್ನಿಸುವುದಿಲ್ಲ. ಕೇಳದೆ ಬಿಟ್ಟ ಆ ಪ್ರಶ್ನೆಯಿಂದ ಹುಟ್ಟಿದ್ದು. ಅಳತೆಗೆ ಡೈನಮೊಮೀಟರ್ ಬೇಕೆಂದೇನೂ ಇಲ್ಲ. ವೇಬ್ರಿಜ್ಜಿನ ಚೀಟಿಯಿಂದ ತೂಕ, ನಕ್ಷೆಯಿಂದ ಏರಿನ ಎತ್ತರ, ಗಡಿಯಾರದಿಂದ ಹೊತ್ತು ಗೊತ್ತಾದರೆ ಸಾಕು. ಮೇಲಿನ ಉದಾಹರಣೆಯ 16.2 ಟನ್ ಲಾರಿ ಶೇ. 6ರ ಏರನ್ನು ಒಂದು ಕಿ.ಮೀ. ಹತ್ತಲು 2 ನಿಮಿಷ 17 ಸೆಕೆಂಡು ತೆಗೆದುಕೊಂಡರೆ ಅದರ 130 ಅಶ್ವಶಕ್ತಿ ಎಲ್ಲಿಯೂ ಹೋಗಿಲ್ಲ. ಪಂಪು ಏರಿಸುವ ಮೊದಲೂ ನಂತರವೂ ಹೀಗೆ ಅಳೆದ ಲಾರಿಗಳು ಎಷ್ಟಿದ್ದಾವು?

ಪಂಪ್ ರಿಪೇರಿ ಮಾಡುವವರ ಪರೀಕ್ಷಾ ಬೆಂಚು ಸಾವಿರ ಹೊಡೆತಕ್ಕೆ ಎಷ್ಟು ಮಿಲಿಲೀಟರ್ ಡೀಸೆಲ್ ಬಂತೆಂದು ಆರು ಗಾಜಿನ ನಳಿಗೆಗಳಲ್ಲಿ ತೋರಿಸುತ್ತದೆ. ನಮ್ಮ ಉದಾಹರಣೆಯ ಎಂಜಿನ್ 2,500 ಸುತ್ತಿನಲ್ಲಿ ಓಡುವಾಗ ಅದು 58ರ ಆಸುಪಾಸು, ಶೇ. 25 ಏರಿಸಿದಾಗ 72. ಆ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆದುಕೊಡಿ ಎಂದು ಮಾಲೀಕ ಕೇಳಬಹುದು, ಕೇಳಬೇಕು. ಐ.ಟಿ.ಐ.ಯ ಡೀಸೆಲ್ ಮೆಕ್ಯಾನಿಕ್ ವಿದ್ಯಾರ್ಥಿಗಳು ಅದನ್ನು ಓದಿ, ಗಾಡಿಯ ಹೆಸರಿನ ನಾಲ್ಕಂಕಿಯ ಪಕ್ಕದಲ್ಲಿಟ್ಟು, ಹೆಚ್ಚಿದ ಡೀಸೆಲ್ಲಿಗೆ ಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳುವಂತಾಗಬೇಕು.